ಚಾಕಿಗೆ ಬೇಕಾದ ಚಾಕು

ಮೊದಲ ಸಂಬಳ ಕೈಗೆ ಬಂದಾಗ ನಾನು ಸೀರೆ ತಗೊಳ್ಳಲಿಲ್ಲ, ಚಾಕು ಮಾಡಿಸಿಕೊಂಡೆ. ಅವ್ವ ಮೂರು ದಿನ ಮಾತು ಬಿಟ್ಟಿದ್ದಳು.

ನಮ್ಮೂರು ಬೆಳಗೊಳದ ಪಕ್ಕದಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು. ರೇಷ್ಮೆ ಸಾಕಣೆಯ ತರಬೇತಿ ಮುಗಿಸಿದ ನನಗೆ ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ ಹೆಂಗಸರಿಗೆ ಹುಳ ಸಾಕೋದು ಹೇಳಿಕೊಡುವ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಬೆಳಗ್ಗೆ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು, ಅಲ್ಲಿಂದ ಪಾಂಡವಪುರ ದಾಟಿ, ಪೇಟೆ ಸೇರಿ, ಹೇಮಗಿರಿ ದಿಕ್ಕಿನ ಯಾವುದೋ ಹಳ್ಳಿಗೆ ನಡೆದು ಹೋಗೋದು. ಹೆಗಲಿಗೊಂದು ಚೀಲ. ಅದರೊಳಗೆ ಬುತ್ತಿ, ಛತ್ರಿ, ಹುಳುವಿನ ತಟ್ಟೆಗೆ ಉದುರಿಸುವ ಸುಣ್ಣದ ಪುಡಿಯ ಡಬ್ಬಿ. ಇಪ್ಪತ್ತೆರಡರ ಹರೆಯ. ಯಾವ ಹಳ್ಳಿಗೆ ಕಳಿಸಿದರೂ ಹಬ್ಬಕ್ಕೆ ಹೊರಟ ಹಾಗೆ ಹೊರಡುತ್ತಿದ್ದೆ.

ಈ ಕೆಲಸದಲ್ಲಿ ಒಳ್ಳೆ ಅಲಗು ಇಲ್ಲದಿದ್ದರೆ ಆಗೋದಿಲ್ಲ. ಹಿಪ್ಪುನೇರಳೆ ಕಡ್ಡಿ ನೆಡುವಾಗ ಬುಡವನ್ನು ಓರೆಯಾಗಿ, ತೊಗಟೆ ಸೀಳದ ಹಾಗೆ ಕತ್ತರಿಸಬೇಕು. ಕುಡುಗೋಲಿನಲ್ಲಿ ಹೊಡೆದರೆ ತೊಗಟೆ ಜಜ್ಜಿಹೋಗಿ ಕಡ್ಡಿ ಒಣಗುತ್ತೆ. ಮೊಟ್ಟೆಯೊಡೆದು ಬಂದ ಎಳೆ ಹುಳುವಿಗೆ ಚಾಕಿ ಅಂತಾರೆ, ಅದಕ್ಕೆ ಸೊಪ್ಪನ್ನು ಸಣ್ಣಗೆ ಕತ್ತರಿಸಿ ಹಾಕಬೇಕು. ಒಂದೊಂದು ಮನೆಯಲ್ಲೂ ಮೊಂಡು ಈಳಿಗೆ ಎರವಲು ಕೇಳಿ ಸಾಕಾಗಿತ್ತು.

ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ಒಬ್ಬ ಸಾಬರು ಸಾಣೆ ಅಂಗಡಿ ಇಟ್ಟುಕೊಂಡಿದ್ದರು. ಬಿಳಿ ಗಡ್ಡ, ಕಿವಿ ಸ್ವಲ್ಪ ಮಂದ. ನಾನು ಬೇಕಾದ್ದನ್ನು ಕೈಯಲ್ಲಿ ತೋರಿಸಿ ಹೇಳಿದೆ. ಅವರು ಹಳೇ ಗರಗಸದ ಉಕ್ಕನ್ನು ತೇದು ನಾಲ್ಕು ಬೆರಳುದ್ದದ ಅಲಗು ಮಾಡಿದರು. ಹಿಡಿಗೆ ನಾಗಮಂಗಲದ ಎರಕದವರಿಂದ ತರಿಸಿದ ಹಿತ್ತಾಳೆ. ಮಡಚಿದರೆ ಅಂಗೈಯೊಳಗೆ ಅಡಗುತ್ತಿತ್ತು, ಬಿಚ್ಚಿದರೆ ಟಕ್ಕನೆ ನಿಲ್ಲುತ್ತಿತ್ತು.

"ತಗೋ ಬೇಟಿ. ಕಾಗದ ಕುಯ್ದು ನೋಡು" ಅಂದರು. ಹಳೇ ಪತ್ರಿಕೆಯ ಹಾಳೆ ಹಿಡಿದು ಅಲಗು ತಾಗಿಸಿದೆ. ಸದ್ದೇ ಇಲ್ಲದೆ ಎರಡು ಹೋಳಾಯಿತು. ನಾನು ಅಂಗಡಿ ಮುಂದೆ ನಿಂತೇ ನಕ್ಕುಬಿಟ್ಟೆ.

ಅವ್ವ ಮಾತ್ರ, "ಹೆಣ್ಮಗ್ಳು ಚಾಕ ಇಟ್ಕಂಡು ಊರೂರು ಸುತ್ತಾದಾ? ನೋಡ್ದೋರು ಏನಂದಾರು?" ಅಂತ ಮುಖ ತಿರುಗಿಸಿದಳು. ನಾಲ್ಕನೇ ದಿನ ಅವಳೇ ಬಂದು, "ಆ ಚಾಕ ಕೊಡು ಇಲ್ಲಿ, ಅವರೆಕಾಯಿ ನಾರು ತಗೀಬೇಕು" ಅಂದಳು.

ಕಾವೇರಿ ನೀರಿನ ಗಲಾಟೆ ಜೋರಾದದ್ದು ಆಮೇಲೆ. ರಸ್ತೆ ತಡೆ, ಬಂದ್, ಕಲ್ಲು ತೂರಾಟ. ನಿಷೇಧಾಜ್ಞೆ ಹಾಕಿದ್ದಾರೆ, ಐದು ಜನಕ್ಕಿಂತ ಹೆಚ್ಚು ಸೇರೋ ಹಾಗಿಲ್ಲ, ಆಯುಧ ಹಿಡಿದು ಓಡಾಡೋ ಹಾಗಿಲ್ಲ ಅಂತ ಜೀಪಿನಲ್ಲಿ ಮೈಕು ಕಟ್ಟಿಕೊಂಡು ಕೂಗಿಸುತ್ತಿದ್ದರು. ನನ್ನ ಚೀಲದಲ್ಲಿರೋದೂ ಆಯುಧ ಅಂತ ನನಗೆ ಹೊಳೆಯಲೇ ಇಲ್ಲ. ಎರಡು ದಿನದ ಬಂದ್ ಮುಗಿದು ಬಸ್ಸು ಬಿಟ್ಟ ಬೆಳಗ್ಗೆಯೇ ಹೊರಟುಬಿಟ್ಟೆ. ಚಾಕಿ ಹುಳುವಿಗೆ ಬಂದ್ ಗೊತ್ತಿಲ್ಲವಲ್ಲ, ಅದಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೇಕು.

ಪಾಂಡವಪುರ ದಾಟಿ ಸ್ವಲ್ಪ ದೂರದಲ್ಲಿ ಪೊಲೀಸರು ಬಸ್ಸು ನಿಲ್ಲಿಸಿದರು. ಮೀಸೆಯ ಹೆಡ್ ಕಾನ್ಸ್‌ಟೇಬಲ್ ಒಬ್ಬರು ಹತ್ತಿ ಒಂದೊಂದೇ ಚೀಲ ತಡಕಿದರು. ಮುಂದಿನ ಸೀಟಿನ ಅಜ್ಜಿಯ ಎಲೆಅಡಿಕೆ ಚೀಲದಿಂದ ಅಡಕತ್ತರಿ ಎತ್ತಿ ನೋಡಿ, ಅಜ್ಜಿಯ ಮುಖ ನೋಡಿ, ವಾಪಸ್ ಹಾಕಿದರು. ನನ್ನ ಚೀಲಕ್ಕೆ ಕೈ ಹಾಕಿದವರು ಹಿತ್ತಾಳೆ ಹಿಡಿಯನ್ನು ಈಚೆಗೆ ತೆಗೆದು ಬಿಚ್ಚಿದರು. ಟಕ್ ಅಂತು. ಇಡೀ ಬಸ್ಸು ನನ್ನ ಕಡೆ ತಿರುಗಿತು.

"ಏನವ್ವ ಇದು?"

"ಚಾಕು ಸಾರ್. ಚಾಕಿಗೆ ಸೊಪ್ಪು ಕುಯ್ಯೋಕೆ."

"ಯಾವ ಚಾಕುಗೆ?"

"ಚಾಕಿಗೆ ಸಾರ್. ಚಾಕಿಗೆ ಚಾಕು ಬೇಕಲ್ಲ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ನಗದೇ ಹೋಗಿದ್ದರೆ ನನ್ನನ್ನು ಬಿಡುತ್ತಿದ್ದರೇನೋ. ಮೀಸೆಯವರ ಮುಖ ಕೆಂಪಗಾಯಿತು.

"ತಮಾಷೆ ಮಾಡೀಯಾ? ಇಳಿಯವ್ವ ಕೆಳಕ್ಕೆ!"

"ಸಾರ್, ರೇಷ್ಮೆ ಹುಳುವಿನ ಮರಿಗೆ ಚಾಕಿ ಅಂತಾರೆ..."

"ಅದನೆಲ್ಲ ಠಾಣೇಲಿ ಯೋಳು."

ಇಳಿದೆ. ಬಸ್ಸು ಹೋಯಿತು. ಅಡಕತ್ತರಿಯ ಅಜ್ಜಿ ಕಿಟಕಿಯಿಂದ ತಲೆ ಹಾಕಿ, "ಆ ಮಗ ಏನ್ ಮಾಡೀತು, ಬುಡ್ರಪ್ಪೋ!" ಅಂತ ಕೂಗುತ್ತಲೇ ಹೋದಳು.

ಯಾವ ಠಾಣೆ ಅನ್ನೋದು ಬೇಡ. ಅದರ ಜಗಲಿಯ ಮೇಲೆ ಆ ಬೆಳಗ್ಗೆ ಅಲಗಿನ ಸಂತೆಯೇ ಸೇರಿತ್ತು. ಎಳನೀರು ಮಾರುವವನು ಮಚ್ಚಿನ ಸಮೇತ, ಕಬ್ಬು ಕಡಿಯೋಕೆ ಹೊರಟಿದ್ದ ಆಳುಗಳು, ಕ್ಷೌರದ ಪೆಟ್ಟಿಗೆ ಹಿಡಿದ ಒಬ್ಬರು. ಹೆಂಗಸು ಅಂದರೆ ನಾನೊಬ್ಬಳೇ. ನನ್ನ ಚಾಕುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಪ್ಪ ದಾರದಲ್ಲಿ ಹೊಲಿದು, ಅರಗು ಕಾಯಿಸಿ ಮೊಹರು ಒತ್ತಿದರು. ಕೆಂಪು ಅರಗು ತೊಟ್ಟಿಕ್ಕುವುದನ್ನು ನೋಡುತ್ತಾ ನಿಂತೆ. ಹೆದರಿಕೆಗಿಂತ ಹೆಚ್ಚಾಗಿ ಮೈಯೆಲ್ಲ ಬಿಸಿಯೇರಿತ್ತು. ಇಷ್ಟು ದೊಡ್ಡದಾಗಿ ನನ್ನನ್ನು ಯಾರೂ ಯಾವತ್ತೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ!

ಮಧ್ಯಾಹ್ನ ಅಪ್ಪ ಬಂದು ಜಾಮೀನು ಕೊಟ್ಟು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಒಂದೇ ಮಾತು. "ಕೋರ್ಟಲ್ಲಿ ತೆಪ್ಪಾಯ್ತು ಅಂತ ಒಪ್ಕಂಬುಡು ಮಗ. ಸಣ್ಣ ದಂಡ ಆಕ್ತಾರೆ, ಕಟ್ಟುಬುಟ್ಟು ಬಂದ್ಬುಡಾವ. ಎಲ್ಲಾರೂ ಅಂಗೇ ಮಾಡಾದು."

"ತೆಪ್ಪೇ ಮಾಡಿಲ್ವಲ್ಲಪ್ಪ."

"ಯಾರ್ ಮಾಡವ್ರೆ? ಆದ್ರೂ ಒಪ್ಕಳಾದು."

ಕೋರ್ಟಿನ ದಿನ ಅಪ್ಪ ಹೇಳಿದ ಹಾಗೇ ನಡೆಯುತ್ತಿತ್ತು. ಒಬ್ಬೊಬ್ಬರ ಹೆಸರು ಕೂಗೋದು, ಅವರು ಕೈಮುಗಿದು "ಒಪ್ತೀನಿ ಸ್ವಾಮಿ" ಅನ್ನೋದು, ದಂಡ, ಮುಂದಿನವರು. ಎಳನೀರಿನವನು ಒಪ್ಪಿದ. ಕ್ಷೌರದವರು ಒಪ್ಪಿದರು. ಮ್ಯಾಜಿಸ್ಟ್ರೇಟರು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ನನ್ನ ಹೆಸರು ಬಂತು. ಕಟಕಟೆಗೆ ಹತ್ತಿದೆ.

"ತಪ್ಪು ಒಪ್ಪಿಕೊಳ್ಳುತ್ತೀರಾ?"

ಬಾಯಿಂದ ಬಂದ ಮಾತು ನನಗೇ ಆಶ್ಚರ್ಯ. "ಇಲ್ಲ ಸ್ವಾಮಿ."

ಪೆನ್ನು ನಿಂತಿತು. ಅವರು ಆ ದಿನ ಮೊದಲ ಸಲ ತಲೆ ಎತ್ತಿದರು. ಅಪ್ಪ ಹಿಂದಿನ ಬೆಂಚಿನಲ್ಲಿ ಹಣೆ ಹಿಡಿದುಕೊಂಡರು.

"ವಕೀಲರು ಇದ್ದಾರಾ?"

ಇಲ್ಲ ಅನ್ನಬೇಕು ಅನ್ನುವಷ್ಟರಲ್ಲಿ ಬಾಗಿಲ ಹತ್ತಿರದಿಂದ ಒಂದು ದನಿ ಬಂತು. "ಅವರ ಪರವಾಗಿ ನಾನಿದ್ದೀನಿ ಸ್ವಾಮಿ." ತಿರುಗಿ ನೋಡಿದರೆ ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದಾದ ಒಬ್ಬ ಹುಡುಗಿ. ಹೊಸ ಕರಿ ಕೋಟು, ಉದ್ದನೆ ಜಡೆ. ಅದುವರೆಗೂ ಅವಳ ಮುಖ ನೋಡಿರಲಿಲ್ಲ ನಾನು.

ವಿಚಾರಣೆಗೆ ಬೇರೆ ತಾರೀಖು ಬಿತ್ತು. ಹೊರಗೆ ಬಂದ ಮೇಲೆ ಆಕೆ ನನ್ನ ಕೈ ಹಿಡಿದುಕೊಂಡಳು. "ಕೋಟು ಹಾಕಿ ಆರು ತಿಂಗಳಾಯ್ತು ಕಣ್ರೀ. ಹಿರಿಯ ವಕೀಲರ ಹಿಂದೆ ಫೈಲು ಹಿಡ್ಕೊಂಡು ನಿಂತದ್ದು ಬಿಟ್ರೆ ಬಾಯೇ ತೆಗೆದಿರಲಿಲ್ಲ. ನೀವು ಇಲ್ಲ ಅಂದ್ರಲ್ಲ, ನನಗೂ ಬಾಯಿ ಬಂದ್ಬಿಡ್ತು. ಗೆಲ್ಲೋಣ. ಗೆಲ್ಲೋ ಕೇಸೇ ಇದು!"

ಮುಂದಿನ ತಾರೀಖಿನವರೆಗೂ ನಮಗೆ ಬೇರೆ ಮಾತಿರಲಿಲ್ಲ. ಕೆಲಸ ಮುಗಿಸಿ ಬರುವಾಗ ಪಾಂಡವಪುರದಲ್ಲಿ ಇಳಿದು ಅವಳ ಮನೆಗೆ ಹೋಗುತ್ತಿದ್ದೆ. ಒಂಬತ್ತು ಇಂಚಿಗಿಂತ ಉದ್ದ, ಇಲ್ಲವೇ ಎರಡು ಇಂಚಿಗಿಂತ ಅಗಲ ಇರೋ ಅಲಗಿಗೆ ಮಾತ್ರ ಪರವಾನಗಿಯ ಮಾತು ಬರುತ್ತೆ, ಅದರಲ್ಲೂ ಮನೆಗೆಲಸ, ಬೇಸಾಯದ ಸಲಕರಣೆ ಬರೋದಿಲ್ಲ ಅಂತ ಕಾನೂನಿನ ದಪ್ಪ ಪುಸ್ತಕ ಬಿಚ್ಚಿ ಓದಿ ಹೇಳಿದಳು. "ನಿಷೇಧಾಜ್ಞೆ ಅನ್ನೋದು ಬೇರೆ ಕಥೆ. ಸರ್ಕಾರಿ ವಕೀಲರು ಅದನ್ನೇ ಹಿಡ್ಕೋತಾರೆ. ಚಾಕು ಯಾಕೆ ಇಟ್ಕೊಂಡಿದ್ರಿ ಅಂತ ನೀವು ಸರಿಯಾಗಿ ಹೇಳ್ಬೇಕು." ಅವಳ ತಾಯಿ ಕಾಫಿ ಕೊಡುತ್ತಾ, "ಇಬ್ರೂ ಒಸಿ ಮೆಲ್ಲಗೆ ಮಾತಾಡ್ರವ್ವ, ಬೀದಿಗೆ ಕೇಳ್ತದೆ" ಅನ್ನುತ್ತಿದ್ದರು.

ವಿಚಾರಣೆಯ ದಿನ ಬಂದರೆ ಕೋರ್ಟಿನ ಮರದ ಕೆಳಗೆ ಸಾಣೆ ಅಂಗಡಿಯ ಸಾಬರು ನಿಂತಿದ್ದರು, ಹೊಸ ಟೋಪಿ ಹಾಕಿಕೊಂಡು. ಯಾರೂ ಕರೆದಿರಲಿಲ್ಲ. "ನಾನು ಮಾಡಿದ್ದು ಅಲ್ವಾ ಬೇಟಿ. ಕೇಳಿದ್ರೆ ಹೇಳ್ತೀನಿ, ಇದು ಖೂನಿ ಚಾಕು ಅಲ್ಲ, ಸೊಪ್ಪಿನ ಚಾಕು ಅಂತ."

ಒಳಗೆ ಜನ ತುಂಬಿದ್ದರು. ಚಾಕು ಹುಡುಗಿ ತಪ್ಪು ಒಪ್ಪಿಲ್ಲವಂತೆ ಅನ್ನೋ ಸುದ್ದಿ ಹಬ್ಬಿತ್ತು. ಹೆಡ್ ಕಾನ್ಸ್‌ಟೇಬಲ್ ಸಾಕ್ಷಿ ಕಟಕಟೆಯಲ್ಲಿ ನೆಟ್ಟಗೆ ನಿಂತು ನಡೆದದ್ದನ್ನು ಹೇಳಿದರು. ಸುಳ್ಳು ಸೇರಿಸಲಿಲ್ಲ. ಸರ್ಕಾರಿ ವಕೀಲರು ಎದ್ದು, "ಸ್ವಾಮಿ, ಗಲಾಟೆಯ ದಿನಗಳಲ್ಲಿ ಉದ್ದ ಮುಖ್ಯವಲ್ಲ. ನಾಲ್ಕು ಬೆರಳಿನ ಅಲಗೂ ಪ್ರಾಣ ತೆಗೆಯಬಲ್ಲದು" ಅಂದರು. ಅದೂ ನಿಜವೇ.

ನನ್ನ ವಕೀಲೆ ಚಾಕುವನ್ನು ಅಳೆಯಬೇಕು ಅಂತ ಕೇಳಿದಳು. ಮೊಹರು ಹಾಕಿದ ಪೊಟ್ಟಣ ಮೇಜಿನ ಮೇಲೆ ಬಂತು. ಕೋರ್ಟಿನ ಗುಮಾಸ್ತರು ಅರಗು ಕಿತ್ತರು. ದಾರ ಬಿಚ್ಚಿಕೊಳ್ಳಲಿಲ್ಲ. ಉಗುರು ಹಾಕಿ ಎಳೆದರು, ಪೆನ್ನಿನ ಮುಳ್ಳು ತೂರಿಸಿ ಮೀಟಿದರು. ಠಾಣೆಯಲ್ಲಿ ಗೋಣಿಚೀಲ ಹೊಲಿದ ಹಾಗೆ ಹೊಲಿದಿದ್ದರು. ಕೊನೆಗೆ ಹಲ್ಲಿನಲ್ಲಿ ಕಚ್ಚೋಕೆ ಹೊರಟಾಗ ಮ್ಯಾಜಿಸ್ಟ್ರೇಟರು ಬೇಸರದಿಂದ ಕೇಳಿದರು:

"ಯಾರ ಹತ್ತಿರವಾದರೂ ಒಂದು ಚಾಕು ಇದೆಯೇನ್ರಿ?"

ಯಾರೂ ಜೇಬು ಮುಟ್ಟಲಿಲ್ಲ. ಅಲ್ಲಿ ಕೂತಿದ್ದ ಎಷ್ಟೋ ಜನ ಅಲಗು ಇಟ್ಟುಕೊಂಡಿದ್ದ ಕೇಸಿಗೇ ಬಂದವರು.

ಆಗ ಸಾಕ್ಷಿ ಕಟಕಟೆಯಲ್ಲಿ ನಿಂತಿದ್ದ ಹೆಡ್ ಕಾನ್ಸ್‌ಟೇಬಲ್, ಸಾಹೇಬರು ಕೇಳಿದರಲ್ಲ ಅನ್ನೋ ವಿಧೇಯತೆಯಲ್ಲಿ, ಪ್ಯಾಂಟಿನ ಜೇಬಿಗೆ ಕೈ ಹಾಕಿ ಒಂದು ಮಡಚು ಚಾಕು ತೆಗೆದು, ಬಿಚ್ಚಿ, ಗುಮಾಸ್ತರ ಕಡೆ ಚಾಚಿದರು. ಚಾಚಿದ ಮೇಲೆ ಅವರಿಗೆ ಅರಿವಾಯಿತು. ಕೈ ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತು.

ಮೊದಲು ನಕ್ಕದ್ದು ಸರ್ಕಾರಿ ವಕೀಲರು. ಆಮೇಲೆ ಇಡೀ ಕೋರ್ಟು. "ಸದ್ದು! ಸದ್ದು!" ಅಂತ ಕೂಗಬೇಕಾದ ಜವಾನನೇ ಬಾಯಿಗೆ ಟವೆಲು ಅಡ್ಡ ಹಿಡಿದಿದ್ದ. ಮ್ಯಾಜಿಸ್ಟ್ರೇಟರು ತುಟಿ ಬಿಗಿಹಿಡಿದು, ನಗು ನಿಲ್ಲುವವರೆಗೂ ಕಾದು, ಕೇಳಿದರು.

"ಇದು ಯಾರದು?"

"ನಂದೇ ಸ್ವಾಮಿ."

"ಯಾತಕ್ಕೆ ಇಟ್ಟುಕೊಂಡಿದ್ದೀರಿ?"

"ಇಂಗೇ... ದಾರ ಗೀರ ಕುಯ್ಯಾಕೆ, ಮಾವಿನಕಾಯಿ ಎಚ್ಚಾಕೆ. ಯಾವಾಗ್ಲೂ ಇರ್ತದೆ ಸ್ವಾಮಿ."

ನನ್ನ ವಕೀಲೆ ಎದ್ದಳು. "ಈ ಹುಡುಗಿಯನ್ನು ಬಸ್ಸಿನಿಂದ ಇಳಿಸಿದ ದಿನವೂ ಇತ್ತಾ?"

ಅವರು ಮೀಸೆ ಮುಟ್ಟಿಕೊಂಡರು. ಸುಳ್ಳು ಹೇಳಬಹುದಿತ್ತು. "ಇತ್ತು ಕಣವ್ವ" ಅಂದರು. ಆಮೇಲೆ ಸಾಹೇಬರ ಕಡೆ ತಿರುಗಿ, "ಇತ್ತು ಸ್ವಾಮಿ" ಅಂತ ತಿದ್ದಿ ಹೇಳಿದರು.

ಅವರ ಚಾಕುವಿನಲ್ಲೇ ದಾರ ಕತ್ತರಿಸಿ ನನ್ನ ಚಾಕು ತೆಗೆದರು. ಸ್ಕೇಲು ಇಟ್ಟು ಅಳೆದರು. ಮೂರು ಇಂಚಿನ ಮೇಲೆ ಒಂದು ಚೂರು. ಪಕ್ಕದಲ್ಲಿಟ್ಟ ಹೆಡ್ ಕಾನ್ಸ್‌ಟೇಬಲ್ಲರ ಚಾಕು ಅದಕ್ಕಿಂತ ಉದ್ದ. ನನ್ನನ್ನು ಕೇಳಿದಾಗ ನಾನು ಕಡ್ಡಿಯ ಬುಡ, ಓರೆ ಕಡಿತ, ಚಾಕಿ ಹುಳು ಎಲ್ಲವನ್ನೂ ಹೇಳಿದೆ. ಉಸಿರು ಬಿಡದೆ ಹೇಳಿದೆ ಅಂತ ಆಮೇಲೆ ಅಪ್ಪ ಹೇಳಿದರು. ಮಧ್ಯದಲ್ಲಿ ಮ್ಯಾಜಿಸ್ಟ್ರೇಟರು, "ಆ ಹುಳುಗಳು ಆ ದಿನ ಏನಾದವು?" ಅಂತ ಕೇಳಿದರು. "ಆ ಮನೆಯವರು ಕೈಯಲ್ಲೇ ಹರಿದು ಹಾಕಿದ್ರು ಸ್ವಾಮಿ. ಉಳ್ಕೊಂಡ್ವು" ಅಂದೆ. ಅವರು ತಲೆಯಾಡಿಸಿ ಬರೆದುಕೊಂಡರು.

ಊಟದ ಬಿಡುವಿನ ನಂತರ ತೀರ್ಪು. ಗಲಾಟೆಯ ದಿನ ತಪಾಸಣೆ ಮಾಡಿದ್ದು ಪೊಲೀಸರ ತಪ್ಪಲ್ಲ, ಆದರೆ ಸಿಕ್ಕ ವಸ್ತು ಏನು, ಅದನ್ನು ಹಿಡಿದವರ ಉದ್ದೇಶವೇನು ಅನ್ನೋದನ್ನು ನೋಡಬೇಕಿತ್ತು, ಇದು ಬೇಸಾಯದ ಸಲಕರಣೆ, ಆರೋಪ ಸಾಬೀತಾಗಿಲ್ಲ ಅಂದರು. ಮೇಲ್ಮನವಿಯ ಅವಧಿ ಕಳೆದ ಮೇಲೆ ಚಾಕು ವಾಪಸ್. ಕಟಕಟೆಯಿಂದ ಇಳಿಯುವಾಗ ಮೆಟ್ಟಿಲು ಕಾಣಲಿಲ್ಲ ನನಗೆ. ವಕೀಲೆ ಕರಿ ಕೋಟಿನಲ್ಲೇ ನನ್ನನ್ನು ತಬ್ಬಿಕೊಂಡಳು. ಅಪ್ಪ ಯಾರಿಗೋ, "ನಮ್ ಮಗಳೇ ಕಣಯ್ಯ ಅದು" ಅನ್ನುತ್ತಿದ್ದರು.

ಹೊರಗೆ ಹೆಡ್ ಕಾನ್ಸ್‌ಟೇಬಲ್ ಮರದ ಕೆಳಗೆ ಬೀಡಿ ಹಚ್ಚಿದ್ದರು. ನನ್ನನ್ನು ಕಂಡು ಬೀಡಿ ಹಿಂದಕ್ಕೆ ಹಿಡಿದರು. "ಮೇಲಿನೋರು ಬೈತಾರೆ, ಬೈಲಿ ಬುಡು" ಅಂದವರು, ಬೀಡಿಯ ಬೂದಿ ಕೊಡವಿ, "ಎಳನೀರಿನೋನೂ ನಿನ್ನಂಗೆ ಇಲ್ಲ ಅಂದಿದ್ರೆ ಬಚಾವಾಗೋನು" ಅಂದರು.

ಆ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ ಅಲ್ಲ. ತಿರುಗಿ ನೋಡಿದರೆ ನನ್ನ ವಕೀಲೆಯನ್ನು ಜನ ಮುತ್ತಿಕೊಂಡಿದ್ದರು. ಪೊಲೀಸರ ಕೈಗೆ ಕುಡುಗೋಲು ಕಳೆದುಕೊಂಡವರು, ಕತ್ತಿ ಕಳೆದುಕೊಂಡವರು, "ನಮ್ದೂ ಒಂದು ನೋಡವ್ವ, ನಾವೂ ಒಪ್ಕಳಾದಿಲ್ಲ" ಅನ್ನುತ್ತಾ. ಕೂರೋಕೆ ಕುರ್ಚಿ ಇರಲಿಲ್ಲ. ಸಾಬರ ಸೈಕಲ್ಲಿನ ಕ್ಯಾರಿಯರ್ ಮೇಲೆ ಕಾಗದ ಇಟ್ಟುಕೊಂಡು ಅವಳು ಬರೆಯೋಕೆ ಶುರು ಮಾಡಿದ್ದಳು. ಸಾಬರು ಸೈಕಲ್ಲು ಅಲುಗಾಡದ ಹಾಗೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ನನ್ನನ್ನು ಕಂಡು ಅವಳು ಪೆನ್ನು ಎತ್ತಿ ಬೀಸಿದಳು. ಕೆ.ಆರ್. ಪೇಟೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಚಾಕಿಗೆ ಸಂಜೆಯ ಸೊಪ್ಪಿನ ಹೊತ್ತಾಗುತ್ತಿತ್ತು. ನಾನು ಸೀರೆಯ ನೆರಿಗೆ ಎತ್ತಿಕೊಂಡು ಓಡಿದೆ.