ತೆಂಗಿನಕಾಯಿಗೆಂದು ಎರೆದ ಗುಂಡು

ಒಗ್ಗರಣೆ ಸೌಟು ಕಾಣಿಸದಿದ್ದಾಗಲೇ ನನಗೆ ಅನುಮಾನ ಬಂತು. ತಾರಸಿಗೆ ಹೋಗಿ ನೋಡಿದರೆ ನಮ್ಮ ಯಜಮಾನರು ಸೀಮೆಎಣ್ಣೆ ಸ್ಟೌ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದೇ ಸೌಟಿನಲ್ಲಿ ಸೀಸ ಕರಗಿಸುತ್ತಿದ್ದಾರೆ! ಪಕ್ಕದಲ್ಲಿ ಟೈರ್ ಅಂಗಡಿಯವನನ್ನು ಕಾಡಿ ಬೇಡಿ ತಂದ, ಚಕ್ರದ ತೂಕ ಸರಿದೂಗಿಸಲು ಬಡಿಯುವ ಸೀಸದ ಚೂರುಗಳು. ಕೈಯಲ್ಲಿ ಅವರ ತಾತನ ಕಾಲದ, ಇಕ್ಕಳದಂಥ ಗುಂಡಿನ ಅಚ್ಚು.

"ರೀ, ನಾಳೆ ಸಾರಿನ ಒಗ್ಗರಣೆ ನಿಮ್ಮ ತಲೆ ಮೇಲೆ ಹಾಕ್ಲಾ?"

"ಹೊಸಾದು ತಂದ್ಕೊಡ್ತೀನಿ ಕಣೇ. ದೂರ ನಿಂತ್ಕೋ, ಹೊಗೆ ಒಳ್ಳೇದಲ್ಲ."

ಅವರು ಕೊಡಗಿನವರು, ನಾನು ಮೈಸೂರಿನವಳು. ತೊಂಬತ್ತರ ದಶಕ, ಜಯನಗರದ ಬಾಡಿಗೆ ಮನೆ. ಪ್ರತಿವರ್ಷ ಕೋವಿ, ಕತ್ತಿ ಪೂಜಿಸುವ ಕೈಲ್ ಮುಹೂರ್ತದ ಹಬ್ಬಕ್ಕೆ ಅವರ ಊರಿಗೆ ಹೋಗುತ್ತಿದ್ದೆವು. ಅಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಪದ್ಧತಿ. ಮದುವೆಯಾಗಿ ಏಳು ಹಬ್ಬ ಕಳೆದಿದ್ದವು. ಇವರ ಗುಂಡು ಎಲೆಗೆ ತಾಗಿತ್ತು, ಕೊಂಬೆಗೆ ತಾಗಿತ್ತು, ಒಮ್ಮೆ ದನದ ಕೊಟ್ಟಿಗೆಯ ಹೆಂಚಿಗೂ ತಾಗಿತ್ತು. "ಆ ಕಾಯಿ ಒಣಗಿ ಕೊಬ್ಬರಿಯಾಗಿ ಬೀಳಬೇಕಷ್ಟೆ, ನಿನ್ನ ಗುಂಡಿಗೆ ಬೀಳಲ್ಲ ಬಿಡು" ಎಂದು ಅವರ ಅಕ್ಕ ಎಲ್ಲರೆದುರು ನಗುತ್ತಿದ್ದರು. ಆಮೇಲೆ ಇವರು ಎರಡು ದಿನ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ನನಗೆ ಸಂಕಟವಾಗುತ್ತಿತ್ತು. ಈ ಸಲ ಮಾತ್ರ, ತಪ್ಪು ತಮ್ಮದಲ್ಲ, ಊರಿನ ಹಳೇ ಕೋವಿಗೆ ಹೊಂದದ ಗುಂಡಿನದು ಎಂದು ತೀರ್ಪು ಕೊಟ್ಟಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಅಷ್ಟರಲ್ಲಿ ಓನರ್ ಆಂಟಿ ಸಂಡಿಗೆ ಒಣಗಿಸಲು ಬಂದರು.

"ಏನ್ ಸಾರ್ ಇದು?"

"ಕೋವಿಗೆ ಗುಂಡು, ಆಂಟಿ."

"ಅಯ್ಯೋ ಶಿವನೇ!" ಆಂಟಿ ಸಂಡಿಗೆ ತಟ್ಟೆ ಸಮೇತ ಕೆಳಗೋಡಿದರು. ಮನೆ ಖಾಲಿ ಮಾಡಿ ಅನ್ನುತ್ತಾರೆ, ಮುಗೀತು ಕತೆ ಎಂದುಕೊಂಡೆ. ಹೆಂಡತಿ ಹೇಳಿದ್ದು ಕೇಳಿ ಮೇಲೆ ಬಂದ ಅಂಕಲ್, ಕೇರಂ ಬೋರ್ಡ್ ಹೊತ್ತು ತಂದಿದ್ದರು! ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಾಲು ಪರೀಕ್ಷಿಸಿ ರಿಟೈರ್ ಆದವರು. ಆರಿದ ಒಂದೊಂದೇ ಗುಂಡನ್ನು ಬೋರ್ಡಿನ ಮೇಲೆ ಉರುಳಿಸಿ, ವಾಲಿದ್ದನ್ನೆಲ್ಲ "ರಿಜೆಕ್ಟ್!" ಎಂದು ಮತ್ತೆ ಕರಗಿಸಲು ಕೊಟ್ಟರು. ಸಂಜೆಯ ಹೊತ್ತಿಗೆ ಹನ್ನೆರಡು ಗುಂಡು ಪಾಸಾದವು.

ಹಬ್ಬದ ದಿನ ಇವರು ಮೂರು ಸಲ ಹೊಡೆದರು. ಕಾಯಿ ಅಲ್ಲಾಡಲೂ ಇಲ್ಲ. ಅಕ್ಕ ಸೆರಗು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ನನಗೆ ರೇಗಿಹೋಯಿತು.

"ಕೊಡ್ರೀ ಇಲ್ಲಿ!" ಎಂದೆ. ಅಲ್ಲಿ ಹೆಂಗಸರೂ ಹೊಡೆಯುತ್ತಾರೆ. ಮಾವನವರು ಕೋವಿ ತುಂಬಿಕೊಟ್ಟು, ಹಿಡಿಯುವುದು ಹೇಗೆಂದು ತೋರಿಸಿದರು. ಢಂ! ಭುಜ ಕಿತ್ತುಹೋದಂತಾಯಿತು. ಜನ ಹೋ ಎಂದರು. ಕಾಯಿ ಚೂರುಚೂರಾಗಿ ಬಿದ್ದಿತ್ತು.

ನನಗೆ ಖುಷಿಯಾಗಲಿಲ್ಲ. ಇನ್ನು ಇವರು ಮೈಸೂರಿನ ಹೆಂಡತಿಗೂ ಸೋತ ಗಂಡ. ನಾನೇ ಅವರ ಮಾನ ಕಳೆದೆನಲ್ಲಾ ಎಂದು ಅವರ ಮುಖ ನೋಡಲು ಧೈರ್ಯ ಬರಲಿಲ್ಲ.

ಇವರು ಓಡಿಹೋಗಿ ಕಾಯಿಯ ಚೂರೊಂದನ್ನು ಎತ್ತಿಕೊಂಡು ಅಕ್ಕನ ಮುಂದೆ ಎದೆಯುಬ್ಬಿಸಿ ನಿಂತರು.

"ನೋಡಕ್ಕ! ಗುಂಡು ಮಾಡಿದ್ದು ಯಾರು ಕೇಳು!"