ಹಕೀಮಾಕ ಮತ್ತು ಜರ್ಮನ್ ಪಿಸ್ತೂಲಿನ ಕುದುರೆ

ಹಳೆ ಪಿಸ್ತೂಲಿನ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡಿದೆ ಎಂದು ನಾನು ಅದನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದ್ದೆ. ಸೌದಿಯ ಖತೀಫಿನ ಒಂದು ಖಾಸಗಿ ಮ್ಯೂಸಿಯಮ್ಮಿನಲ್ಲಿ ಹಳೆ ಸಾಮಾನಿನ ಫೋಟೊ ತೆಗೆದು ಚೀಟಿ ಬರೆಯುವ ಕೆಲಸಕ್ಕೆ ಸೇರಿ ಆಗಿನ್ನೂ ನಾಲ್ಕು ದಿನ. ಫೋಟೊದಲ್ಲಿ ಕೊಳೆ ಕಾಣಬಾರದಲ್ಲ.

"ಇದರ ಕಲ್ಲು ಎಲ್ಲಿ ಮಾರಾಯ?" ಎಂದು ಕೇಳಿದರು ಅಬ್ದುಲ್ ಹಕೀಂ. ಅಲ್ಲಿನ ರಿಪೇರಿ ಕೆಲಸವೆಲ್ಲ ಅವರದು. ನಮಗೆಲ್ಲ ಹಕೀಮಾಕ, ಅಂದರೆ ಹಕೀಮಣ್ಣ.

"ತೆಗೆದೆ. ಚರ್ಮದ ಚೂರಿನ ಜೊತೆ ಗಟ್ಟಿ ಕೂತಿತ್ತು, ಇಕ್ಕಳ ಹಾಕಿ ಎಳೆಯಬೇಕಾಯ್ತು." ನಾನು ಶಭಾಷ್‌ಗಿರಿಗೆ ಕಾಯುತ್ತಿದ್ದೆ.

"ಅದು ಚಕಮಕಿ ಕಲ್ಲು. ಅದು ಉಕ್ಕಿಗೆ ಬಡಿದು ಕಿಡಿ ಹಾರಿದರೆ ಮದ್ದಿಗೆ ಬೆಂಕಿ. ಬೆಂಕಿಪೊಟ್ಟಣ ಕ್ಲೀನ್ ಮಾಡ್ತೇನೆ ಅಂತ ಕಡ್ಡಿಯೆಲ್ಲ ಬಿಸಾಡಿದ ಹಾಗಾಯ್ತು ನಿನ್ನ ಕೆಲಸ. ಬಿ.ಕಾಂ. ಅಲ್ವಾ ನೀನು?"

ಇಬ್ಬರೂ ಬುಟ್ಟಿ ಕವುಚಿ, ಟೀ ಚೀಲಗಳ ನಡುವೆ ಕಲ್ಲು ಹುಡುಕಿದೆವು. ಈ ಕಥೆಯನ್ನು ಹಕೀಮಾಕ ನಿನ್ನೆ ಊಟದ ಹೊತ್ತಿಗೂ ಹೊಸಬನೊಬ್ಬನಿಗೆ ಹೇಳಿದರು. ಹೇಳಿದಷ್ಟೂ ಸಲ ಕಲ್ಲಿನ ಗಾತ್ರ ದೊಡ್ಡದಾಗುತ್ತದೆ, ನನ್ನ ಬುದ್ಧಿ ಚಿಕ್ಕದಾಗುತ್ತದೆ.

ಹಕೀಮಾಕ ಪುತ್ತೂರಿನ ಕಡೆಯವರು. ಕೆಲಸ ಕಲಿತದ್ದು ಸೇಸಪ್ಪ ಆಚಾರಿ ಎಂಬವರ ಕೋವಿ ರಿಪೇರಿ ಅಂಗಡಿಯಲ್ಲಿ. ಚುನಾವಣೆ ಬಂತೆಂದರೆ ಕೃಷಿಕರು ಲೈಸೆನ್ಸಿನ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು. ವಾಪಸ್ ಬರುವಾಗ ಅರ್ಧಕ್ಕರ್ಧ ತುಕ್ಕು. "ಗೆದ್ದವರು ಯಾರೇ ಆಗಲಿ, ನಮಗೆ ಎರಡು ತಿಂಗಳು ಪುರುಸೊತ್ತಿಲ್ಲ" ಎನ್ನುತ್ತಾರೆ. ಆಚಾರಿಯ ಅಂಗಡಿಯಲ್ಲಿ ಒಂದು ನಿಯಮವಿತ್ತು: ಹಳೆ ಕೋವಿಗೆ ಹೊಸ ತುಂಡು ಮಾಡಿ ಹಾಕಿದರೆ ಅದರ ಒಳಮೈಗೆ ಅರದಿಂದ ಮೂರು ಗೀರು ಎಳೆಯಬೇಕು. ನಾಳೆ ಬಿಚ್ಚುವವನಿಗೆ ಯಾವುದು ಹಳತು, ಯಾವುದು ನಮ್ಮದು ಅಂತ ಗೊತ್ತಾಗಬೇಕು. ಸೌದಿಗೆ ಬಂದು ಇಪ್ಪತ್ತು ವರ್ಷವಾದರೂ ಹಕೀಮಾಕ ಆ ಗೀರು ಬಿಟ್ಟಿಲ್ಲ.

ಕಲ್ಲೇನೋ ಸಿಕ್ಕಿತು. ಆದರೆ ನನ್ನ ಇಕ್ಕಳದ ಪ್ರತಾಪಕ್ಕೆ, ಕಲ್ಲು ಕಚ್ಚಿಕೊಂಡು ಬಡಿಯುವ ತುಂಡು, ಊರಿನ ಕೋವಿಯವರು ಕುದುರೆ ಎನ್ನುತ್ತಾರಲ್ಲ ಅದು, ಅಲುಗಾಡುತ್ತಿತ್ತು. ಹಕೀಮಾಕ ತಿರುಪು ಬಿಚ್ಚಿ ಅದನ್ನು ಹೊರತೆಗೆದರು. ಮಗುಚಿ ನೋಡಿದವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಒಳಮೈಯಲ್ಲಿ ಮೂರು ಗೀರು.

"ಇದು ನನ್ನದೇ ಮಾರಾಯ. ದಮ್ಮಾಮಿನ ಅಂಗಡಿಯಲ್ಲಿದ್ದಾಗ ಮಾಡಿದ್ದು. ಹನ್ನೆರಡು ವರ್ಷ ಆಯ್ತು."

ಆಗ ಕುದುರೆ ಮುರಿದಿದ್ದ ಒಂದು ಪಿಸ್ತೂಲನ್ನು ಅವರು ಸರಿ ಮಾಡಿ ಕೊಟ್ಟಿದ್ದರಂತೆ. ಅದು ಯಾರ್ಯಾರದೋ ಕೈ ದಾಟಿ, ಕಪ್ಪಾಗಿ, ಗುರುತು ಸಿಗದಂತೆ ಇಲ್ಲಿಗೆ ಬಂದಿತ್ತು.

ಅಷ್ಟಾದರೆ ನಕ್ಕು ಮುಗಿಸಬಹುದಿತ್ತು. ಆದರೆ ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಮ್ಯೂಸಿಯಮ್ಮಿನ ಯಜಮಾನ ಅಬೂ ಮುನೀಬ್ ಹಿಂದಿನ ದಿನವಷ್ಟೇ ನನ್ನಿಂದ ಚೀಟಿ ಬರೆಸಿದ್ದರು: 'ಜರ್ಮನ್ ಸೈನ್ಯದ ಚಕಮಕಿ ಪಿಸ್ತೂಲು, ಹದಿನೆಂಟನೇ ಶತಮಾನ, ಎಲ್ಲ ಭಾಗಗಳೂ ಮೂಲದವು.' ಗುರುವಾರ ಸಂಜೆ ಅದನ್ನು ನೋಡಲೆಂದೇ ಸ್ನೇಹಿತರನ್ನು ಕರೆದಿದ್ದರು. ಇತ್ತ ಹಕೀಮಾಕರ ಇಕಾಮಾ, ಅಂದರೆ ಸೌದಿಯಲ್ಲಿ ಇರುವ ಪರವಾನಗಿ, ಮುಗಿಯಲು ಮೂರು ವಾರವಿತ್ತು. ನವೀಕರಣ ಅಬೂ ಮುನೀಬರ ಕೈಯಲ್ಲಿ. ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ನಬೀಹಾಳ ಕೋರ್ಸು ಮುಗಿಯಲು ಇನ್ನೂ ಎರಡು ವರ್ಷ.

"ಸುಮ್ಮನಿರಿ ಹಕೀಮಾಕ. ನಾನೂ ಏನೂ ನೋಡಿಲ್ಲ" ಎಂದೆ. ಸಲಹೆ ಕೊಡುವುದರಲ್ಲಿ ನಾನು ಯಾವತ್ತೂ ಮುಂದೆ.

"ಹ್ಞೂಂ" ಎಂದು ಕುದುರೆಯನ್ನು ಮತ್ತೆ ಕೂರಿಸಿದರು. ಆ ವಾರವಿಡೀ ಆ ಸುದ್ದಿ ಎತ್ತಲಿಲ್ಲ.

ಗುರುವಾರ ಐದಾರು ಜನ ಬಂದರು. ನಾನು ಖರ್ಜೂರದ ತಟ್ಟೆ ಹಿಡಿದು ಸುತ್ತುತ್ತಿದ್ದೆ. ದೂರದ ಅಭಾ ಊರಿನಿಂದ ಬಂದಿದ್ದ ಮುದಿ ಡಾಕ್ಟರೊಬ್ಬರು ಪಿಸ್ತೂಲನ್ನು ಕೈಗೆತ್ತಿಕೊಂಡು, ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿ ಕೇಳಿದರು, "ಈ ಕುದುರೆ ಮೂಲದ್ದೇನಾ?"

"ಹಕೀಮನನ್ನೇ ಕೇಳಿ. ಅವನ ಕೈಗೆ ಸುಳ್ಳು ಗೊತ್ತಿಲ್ಲ" ಎಂದರು ಅಬೂ ಮುನೀಬ್ ಹೆಮ್ಮೆಯಿಂದ.

ನಾನು ಹಕೀಮಾಕರತ್ತ ಕಣ್ಣು ಮಿಟುಕಿಸಿದೆ, ಕೆಮ್ಮಿದೆ, ಕೊನೆಗೆ ಖರ್ಜೂರದ ತಟ್ಟೆಯನ್ನೇ ಅವರ ಮುಖದ ಮುಂದೆ ಹಿಡಿದೆ. ಅವರು ತಟ್ಟೆ ಬದಿಗೆ ಸರಿಸಿದರು.

"ನಳಿಗೆ ಹಳತು, ಮರ ಹಳತು. ಕುದುರೆ ನಾನು ಮಾಡಿದ್ದು" ಎಂದರು ತಮ್ಮ ಹರುಕುಮುರುಕು ಅರಬಿಯಲ್ಲಿ. ತಿರುಪು ಬಿಚ್ಚಿ ಮೂರು ಗೀರು ತೋರಿಸಿದರು. ಡಾಕ್ಟರು "ಮಾಶಾ ಅಲ್ಲಾ, ಒಳ್ಳೇ ಕೆಲಸ" ಎಂದರು. ಅಬೂ ಮುನೀಬ್ ನನ್ನ ಚೀಟಿಯನ್ನು ಎತ್ತಿ, ಮಡಚಿ, ಜೇಬಿಗೆ ಹಾಕಿಕೊಂಡರು.

ಬಂದವರು ಹೋದ ಮೇಲೆ ಅಬೂ ಮುನೀಬ್ ನಮ್ಮಿಬ್ಬರನ್ನೂ ಕೂರಿಸಿದರು. ಕೂಗಾಡಿದ್ದರೆ ವಾಸಿಯಿತ್ತು, ಮೆಲ್ಲಗೆ ಕೇಳಿದರು.

"ನಿನಗೆ ಮೊದಲೇ ಗೊತ್ತಿತ್ತು. ನನ್ನೊಬ್ಬನಿಗೇ ಬಂದು ಹೇಳಬಹುದಿತ್ತು. ಇಷ್ಟು ಜನರ ಎದುರು ಯಾಕೆ ಹೇಳಿದೆ ಹಕೀಮ್?"

ನಾನು ನೆಲ ನೋಡಿದೆ. ಹಕೀಮಾಕ ಅವರ ಮುಖವನ್ನೇ ನೋಡಿದರು.

"ಇಕಾಮಾ ರಿನ್ಯೂ ಆದ ಮರುದಿನ ನಿಮಗೆ ಹೇಳುವ ಅಂತಿದ್ದೆ. ಡಾಕ್ಟರು ಮೊದಲೇ ಕೇಳಿಬಿಟ್ಟರು."