ಸಿದ್ಧಾರ್ಥನಗರದ ಆ ಗೃಹಪ್ರವೇಶ

ಐದಾರು ವರ್ಷದ ಹಿಂದಿನ ಮಾತು, ಶ್ರಾವಣ ಹುಟ್ಟಿದ ವಾರ. ಆ ದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ರಾತ್ರಿಯ ಸಾರಿಗೆ ಹುರುಳಿಕಾಳು ನೆನೆಹಾಕಿದೆ. ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿದೆ, ಅತ್ತೆಯವರ ಮಾತ್ರೆ ತೆಗೆದಿಟ್ಟೆ, ಗ್ಯಾಸ್ ಬುಕ್ ಮಾಡಿದೆ, ಬಿಚ್ಚಿಕೊಂಡಿದ್ದ ದಿಂಬಿನ ಚೀಲಕ್ಕೆ ನಾಲ್ಕು ಹೊಲಿಗೆ ಹಾಕಿದೆ. ಆಮೇಲೆ ಸೀರೆ ಉಟ್ಟು, ಒಂದು ಮನೆಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದೇ ಎಂದು ವಿಚಾರಿಸಲು ಹೊರಟೆ.

ಅದೇ ನನ್ನ ಉದ್ಯೋಗ. ಜನರಿಗೆ ಮೋಸ ಮಾಡಿ ಗಳಿಸಿದ ದುಡ್ಡು ಎಲ್ಲಿ ಮನೆಯಾಗಿದೆ, ಎಲ್ಲಿ ಸೈಟಾಗಿದೆ, ಯಾರ ಹೆಸರಲ್ಲಿ ಅಡಗಿದೆ ಎಂದು ಹುಡುಕಿ ವರದಿ ಕೊಡಬೇಕು. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯವರು ನಾನು ಬ್ಯಾಂಕಿನವಳೆಂದೇ ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಆಗ ನಮ್ಮ ಕೈಯಲ್ಲಿದ್ದದ್ದು ಒಬ್ಬ ಸೈಟು ವ್ಯಾಪಾರಿಯ ಪ್ರಕರಣ. ಇಲ್ಲದ ಬಡಾವಣೆಯ ಸೈಟುಗಳನ್ನು ತೋರಿಸಿ ಎಷ್ಟೋ ಸಂಸಾರಗಳ ಉಳಿತಾಯ ನುಂಗಿದ್ದ. ಸಿದ್ಧಾರ್ಥನಗರದಲ್ಲಿ ಒಂದು ಮಹಡಿ ಮನೆ ಸಿಕ್ಕಿತು, ಆದರೆ ಅದು ಅವನ ಹೆಸರಿನಲ್ಲಿರಲಿಲ್ಲ. ಅವನ ಮನೆಯ ಅಡುಗೆಯವಳಾದ ಜಯಮ್ಮನ ಹೆಸರಿನಲ್ಲಿತ್ತು. ಮನೆಯ ಮುಂಭಾಗಕ್ಕೆ ಬೀಗ. ಹಿಂದಿನ ಒಂದು ಕೋಣೆಯಲ್ಲಿ ಜಯಮ್ಮ ಗಂಡನೊಂದಿಗೆ ಇದ್ದಳು. ಗಂಡ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಕಾವಲುಗಾರ.

ನನ್ನ ಸಹಾಯಕ ನಾಗರಾಜು ಮತ್ತು ನಾನು ಹೋದಾಗ ಅವಳು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ನನ್ನದೇ ವಯಸ್ಸು. ಕೈ ಒರೆಸಿಕೊಂಡು ಬಂದವಳೇ, ನಾವು ಕೇಳುವ ಮೊದಲೇ ಪಾಠ ಒಪ್ಪಿಸಿದಳು.

"ಈ ಮನೆ ನಂದೇ ಕಣ್ ಮೇಡಮ್ಮೋರೇ. ಕೂಡಿಟ್ಟ ದುಡ್ಡಲ್ಲಿ ಕಟ್ಸಿದ್ದು."

"ಹಾಗಾದ್ರೆ ಮುಂದಿನ ಬಾಗಿಲ ಬೀಗ ತೆಗೀರಮ್ಮ," ಎಂದ ನಾಗರಾಜು.

"ಬೀಗದ ಕೈ ಸಾಹೇಬ್ರತ್ರ ಅದೆ."

ನಾಗರಾಜು ನನ್ನ ಮುಖ ನೋಡಿದ. ನಾನು ನಗಲಿಲ್ಲ. "ನೋಡಿ ಜಯಮ್ಮ, ಇದು ನಿಮ್ದೇ ಅಂತ ಹಟ ಹಿಡಿದ್ರೆ ದುಡ್ಡು ಎಲ್ಲಿಂದ ಬಂತು ಅಂತ ನೀವೇ ಕೋರ್ಟಿಗೆ ಹೇಳ್ಬೇಕು. ಹೇಳಕ್ಕಾಗ್ದಿದ್ರೆ ಅವರ ಜೊತೆ ನೀವೂ ಆರೋಪಿ. ನಿಜ ಹೇಳಿದ್ರೆ ಸಾಕ್ಷಿ," ಎಂದೆ.

"ನಿಜ ಹೇಳಿದ್ರೆ ನಾಳಿಂದ ಎಲ್ಲಿಗೋಗನ? ಕೆಲ್ಸನೂ ಅವರ್ದೇ, ಕ್ವಾಣೆನೂ ಅವರ್ದೇ."

ಹೇಳಿಬಿಟ್ಟು ತುಟಿ ಕಚ್ಚಿಕೊಂಡಳು. ಅಷ್ಟನ್ನೇ ಹಿಡಿದುಕೊಂಡು ಅವಳನ್ನು ಬಗ್ಗಿಸಬಹುದಿತ್ತು. ಮನಸ್ಸಾಗಲಿಲ್ಲ. ಮಹಜರಿಗೆ ಬರಬೇಕಿದ್ದ ಪಂಚರು ಇನ್ನೂ ಬಂದಿರಲಿಲ್ಲ, ಹಿತ್ತಲ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತೆ. ಊರು ಯಾವುದೆಂದು ಕೇಳಿದರೆ ನರಸೀಪುರದ ಕಡೆ ಎಂದಳು. ನಮ್ಮ ತವರೂ ಅದೇ ಕಡೆ. ಬೆಳೆ, ಬಸ್ಸು, ಮುದ್ದೆ ಎನ್ನುತ್ತಾ ಮಾತು ಹರಿಯಿತು.

"ಮೇಡಂ, ನೀವು ವಿಚಾರಣೆಗೆ ಬಂದಿದ್ದೀರೋ, ಸಂಬಂಧ ಬೆಳೆಸೋಕೆ ಬಂದಿದ್ದೀರೋ?" ಎಂದು ನಾಗರಾಜು ಮೆಲ್ಲಗೆ ಚುಚ್ಚಿದ.

ಯಾಕೋ ನನಗೆ ನಮ್ಮ ಮನೆಯ ಗೃಹಪ್ರವೇಶ ನೆನಪಾಗಿ ಅದನ್ನೇ ಹೇಳತೊಡಗಿದೆ. ಅಣ್ಣ ಎರಡು ಬಸ್ಸು ಬದಲಿಸಿ, ಹಿತ್ತಾಳೆ ಕೊಳಗವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಕೊಳಗದೊಳಗೆ ನನಗೆ ಸೀರೆ, ಯಜಮಾನರಿಗೆ ಪಂಚೆ. ಹಾಲು ಪೂರ್ವಕ್ಕೆ ಉಕ್ಕಿದರೆ ಒಳ್ಳೆಯದಲ್ಲವೇ? ಯಾರೂ ನೋಡದಾಗ ಒಲೆಯ ಕೆಳಗೆ ಒಂದು ಹೆಂಚಿನ ಚೂರು ಸಿಕ್ಕಿಸಿ ಓರೆ ಮಾಡಿಟ್ಟಿದ್ದ. ಹಾಲು ಪೂರ್ವಕ್ಕೇ ಉಕ್ಕಿತು. ಎಲ್ಲರೂ ಕೈಮುಗಿದರು. ಅಣ್ಣ ಮಾತ್ರ ಗೋಡೆ ಕಡೆ ತಿರುಗಿಕೊಂಡು ನಗುತ್ತಿದ್ದ.

ಜಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ನಮ್ಮಣ್ಣನೂ ಅಂತೋನೇ ಕಣವ್ವ."

"ಇಲ್ಲಿ ಹಾಲು ಉಕ್ಕಿಸಿದಾಗ ಏನು ತಂದಿದ್ರು ನಿಮ್ಮಣ್ಣ?" ಎಂದೆ. ದೇವರಾಣೆ, ಅದು ತನಿಖೆಯ ಪ್ರಶ್ನೆಯಾಗಿರಲಿಲ್ಲ. ಮಾತಿನ ಓಘದಲ್ಲಿ ಬಂದದ್ದು.

ಅವಳ ನಗು ನಿಂತಿತು. ಉಜ್ಜಿಟ್ಟ ಪಾತ್ರೆಯೊಂದನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸತೊಡಗಿದಳು.

"ಅಣ್ಣನ್ನ ಕರೀಲಿಲ್ಲ. ಯಾವ ಮೊಕ ಇಟ್ಕೊಂಡು ಕರೀಲವ್ವ? ಪೂಜೆಗೆ ಕೂತ್ಕೊಂಡಿದ್ದು ಸಾಹೇಬ್ರು, ಅವರ ಹೆಂಡ್ರು. ನಾನು ಒಳಗೆ ನೂರಾಳಿಗೆ ಒಗ್ಗರಣೆ ಆಕ್ತಿದ್ದೆ. ನನ್ ಮನೆ ಆಗಿದ್ರೆ ನಮ್ಮಣ್ಣ ಇಲ್ದೆ ಆಲು ಉಕ್ಕುಸ್ತಿದ್ನಾ?"

ಪಾತ್ರೆ ಕೆಳಗಿಟ್ಟಳು. ಆಮೇಲೆ ಅವಳೇ, "ಬರ್ಕೊಳಿ, ಸೈನ್ ಆಕ್ತೀನಿ. ಸುಳ್ಳಾಡಿ ಸಾಕಾಗೋಯ್ತು," ಎಂದಳು.

ಮನೆ ಜಪ್ತಿಯಾಯಿತು. ಮೋಸ ಹೋದವರಿಗೆ ಹಣ ವಾಪಸ್ ಕೊಡಿಸಲು ಅದೇ ದೊಡ್ಡ ಆಧಾರವಾಯಿತು. ಜಯಮ್ಮ ಆರೋಪಿಯಾಗದೆ ಸಾಕ್ಷಿಯಾದಳು, ಆದರೆ ಹೆದರಿದಂತೆಯೇ ಕೆಲಸವೂ ಹೋಯಿತು, ಕೋಣೆಯೂ ಹೋಯಿತು. ಆ ಸಂಕಟ ನನಗೆ ಬಹಳ ದಿನ ಇತ್ತು. ಪ್ರಕರಣ ನಡೆಯುತ್ತಿರುವಾಗ ಸಾಕ್ಷಿಯನ್ನು ಹುಡುಕಿಕೊಂಡು ಹೋಗಿ ಹೇಗಿದ್ದೀರಿ ಎಂದು ಕೇಳುವಂತೆಯೂ ಇರಲಿಲ್ಲ.

ಮುಂದೆ ಅವಳ ಸಾಕ್ಷಿ ಮುಗಿದ ದಿನ ಕೋರ್ಟಿನ ಪಡಸಾಲೆಯಲ್ಲಿ ಅವಳೇ ಬಂದು ನನ್ನ ಕೈ ಹಿಡಿದಳು. ಹೆಬ್ಬಾಳದ ಹತ್ತಿರ ಒಂದು ಕೋಣೆಯ ಬಾಡಿಗೆ ಮನೆ, ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ.

"ಬಾಡ್ಗೆ ಮನೆಯಾದ್ರೇನು, ಆಲು ಉಕ್ಕುಸ್ದೆ ಕಣವ್ವ. ಅಣ್ಣ ಸೀರೆ ತಂದಿದ್ದ."

"ಯಾವ ಕಡೆ ಉಕ್ತು?"

"ಯಾರ್ ನೋಡಿದ್ರು? ಅಣ್ಣನ ಜೊತೆ ಮಾತಾಡ್ತಾ ಕೂತ್ಬುಟ್ಟೆ. ಎತ್ಲಾಗ್ ಉಕ್ತೋ."

ಈಗಲೂ ಕೆಲಸದ ಮೇಲೆ ಯಾವ ಮನೆಯ ಮುಂದೆ ನಿಂತರೂ, ಇದರ ಗೃಹಪ್ರವೇಶಕ್ಕೆ ಯಾರನ್ನು ಕರೆದಿದ್ದರೋ ಎಂದೇ ಮೊದಲು ಅನ್ನಿಸುತ್ತದೆ.

ನನ್ನ ಅಣ್ಣ ತೀರಿಕೊಂಡು ಆಗಲೇ ವರ್ಷಗಳಾಗಿದ್ದವು. ಕೋರ್ಟಿನಿಂದ ಮನೆಗೆ ಬಂದ ಆ ಸಂಜೆ ಅಟ್ಟದಿಂದ ಅವನ ಕೊಳಗ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಅದರಲ್ಲೇ ಶ್ಯಾವಿಗೆ ಪಾಯಸ ಮಾಡಿದೆ. "ಏನೇ ವಿಶೇಷ?" ಎಂದರು ಅತ್ತೆ. "ಹಾಲು ಜಾಸ್ತಿ ಇತ್ತು," ಎಂದೆ. ಮುದ್ದೆ, ಸೊಪ್ಪಿನ ಸಾರು, ಮೇಲೆ ಪಾಯಸ. ಅತ್ತೆ ಎರಡನೇ ಸಲ ಹಾಕಿಸಿಕೊಂಡು ಎಲ್ಲರಿಗಿಂತ ಮೊದಲು ಮಲಗಿದರು. ಯಜಮಾನರು ಪೇಪರ್ ಹಿಡಿದುಕೊಂಡೇ ನಿದ್ದೆ ಹೋದರು. ನಾನು ಕೊಳಗ ತೊಳೆದು, ಅಟ್ಟಕ್ಕೇರಿಸದೆ ಒಲೆಯ ಪಕ್ಕದಲ್ಲೇ ಬೋರಲು ಹಾಕಿ ಮಲಗಿದೆ.